ದ್ಯುತಿಪಟುತ್ವ ಮತ್ತು ಅಣುವಿನ್ಯಾಸ

ದ್ಯುತಿಪಟುತ್ವ ಎಂದರೆ ತನ್ನ ಮೂಲಕ ಹಾದುಹೋಗುವ ಸಮತಲ ಧ್ರುವೀಕೃತ ಬೆಳಕಿನ ಕಂಪನತಲವನ್ನು ಬಲಕ್ಕೆ ಅಥವಾ ಎಡಕ್ಕೆ ತಿರುಗಿಸುವ ಗುಣ. ಸಕ್ಕರೆ, ಹುಣಸೆಹಣ್ಣಿನ ಆಮ್ಲ, ಕರ್ಪೂರ, ಪ್ರೋಟೀನು ಮೊದಲಾದ ಅನೇಕ ವಸ್ತುಗಳಿಗೆ ಈ ಗುಣವಿದೆ. ಪದವಿಪೂರ್ವ ತರಗತಿಗಳಲ್ಲಿ ಇದು ಆಪ್ಟಿಕಲ್ ಆ್ಯಕ್ಟಿವಿಟಿ ಎಂದು ಪರಿಚಿತವಾಗಿದೆ. ಅಣುವಿನ್ಯಾಸ ಎಂದರೆ ಒಂದು ಅಣುವಿನ ಪರಮಾಣುಗಳು ಮೂರು ಆಯಾಮಗಳಲ್ಲಿ ಒಂದಕ್ಕೊಂದು ಯಾವ ಸ್ಥಾನದಲ್ಲಿ ನೆಲೆಗೊಂಡಿವೆ ಎಂಬ ವ್ಯವಸ್ಥೆ.

ಮೊದಲನೆಯದು ಉಪಕರಣದಿಂದ ಅಳೆಯಬಹುದಾದ ಪರಿಣಾಮ. ಎರಡನೆಯದು ಅಣುವಿನೊಳಗಿನ ರಚನೆ. ಇವೆರಡಕ್ಕೂ ನಿಕಟ ಸಂಬಂಧವಿದ್ದರೂ ಇವು ಒಂದೇ ಅಲ್ಲ. ಬೆಳಕನ್ನು ಬಲಕ್ಕೆ ತಿರುಗಿಸುವ ವಸ್ತುವಿನ ಅಣು ಬಲಗೈ ವಿನ್ಯಾಸದ್ದೇ ಆಗಿರಬೇಕೆಂಬ ನಿಯಮವಿಲ್ಲ. ಜೀವಿಗಳ ದೇಹದಲ್ಲಿ ಔಷಧ, ಆಹಾರ ಮತ್ತು ವಿಷಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ನಿರ್ಧರಿಸುವುದರಲ್ಲಿ ಪಾತ್ರ ವಹಿಸುವುದು ವಿನ್ಯಾಸವೇ ಹೊರತು ತಿರುವಿನ ದಿಕ್ಕಲ್ಲ. ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಮುಖ್ಯ ಬೆಳೆಗಳಲ್ಲೊಂದಾದ ಹತ್ತಿಯ ಬೀಜ, ಅದಕ್ಕೆ ಸಿಂಪಡಿಸುವ ಕೀಟನಾಶಕ ಮತ್ತು ಹೊಲದಲ್ಲಿ ಕಟ್ಟುವ ಮೋಹಕ ಬಲೆ ಇದಕ್ಕೆ ಒಳ್ಳೆಯ ನಿದರ್ಶನಗಳಾಗಿವೆ.

ಧ್ರುವೀಕೃತ ಬೆಳಕು

ಸಾಮಾನ್ಯ ಬೆಳಕಿನ ಅಲೆಗಳು ತಾವು ಸಾಗುವ ದಿಕ್ಕಿಗೆ ಅಡ್ಡವಾಗಿ ಎಲ್ಲ ತಲಗಳಲ್ಲಿಯೂ ಕಂಪಿಸುತ್ತವೆ. ಕೆಲವು ಹರಳುಗಳು ಅಥವಾ ಪೋಲರಾಯ್ಡ್ ಹಾಳೆಯ ಮೂಲಕ ಹಾಯಿಸಿದಾಗ ಒಂದೇ ತಲದಲ್ಲಿ ಕಂಪಿಸುವ ಬೆಳಕು ಮಾತ್ರ ಹೊರಬರುತ್ತದೆ. ಇದಕ್ಕೆ ಸಮತಲ ಧ್ರುವೀಕೃತ ಬೆಳಕು ಎಂದು ಹೆಸರು. ಈ ಬೆಳಕನ್ನು ನೀರಿನ ಮೂಲಕ ಕಳುಹಿಸಿದರೆ ಕಂಪನತಲ ಬದಲಾಗುವುದಿಲ್ಲ. ಸಕ್ಕರೆಯ ದ್ರಾವಣದ ಮೂಲಕ ಕಳುಹಿಸಿದರೆ ಅದು ನಿರ್ದಿಷ್ಟ ಕೋನದಷ್ಟು ತಿರುಗುತ್ತದೆ.

ಬೆಳಕು ಬರುವ ಕಡೆಗೆ ಮುಖಮಾಡಿ ನೋಡುವವನಿಗೆ ಕಂಪನತಲವು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿದಂತೆ ಕಂಡರೆ ಆ ವಸ್ತುವನ್ನು ಬಲಮುರಿ ಅಥವಾ ಡೆಕ್ಸ್ಟ್ರೊ ಎಂದೂ, ವಿರುದ್ಧ ದಿಕ್ಕಿನಲ್ಲಿ ತಿರುಗಿದರೆ ಎಡಮುರಿ ಅಥವಾ ಲೀವೊ ಎಂದೂ ಕರೆಯುತ್ತಾರೆ. ಬಲಮುರಿಗೆ + ಚಿಹ್ನೆಯನ್ನು, ಎಡಮುರಿಗೆ − ಚಿಹ್ನೆಯನ್ನು ಬಳಸಲಾಗುತ್ತದೆ. ನೋಡುವ ಕಡೆಯನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಈ ಹೆಸರುಗಳಿಗೆ ಅರ್ಥವಿಲ್ಲ. ಪೂಜೆಯಲ್ಲಿ ಬಲಮುರಿ ಎಂದು ಕರೆಯುವ ಅಪರೂಪದ ಶಂಖವನ್ನೇ ಪ್ರಾಣಿಶಾಸ್ತ್ರಜ್ಞರು ಎಡಸುರುಳಿ ಎಂದು ವರ್ಗೀಕರಿಸುತ್ತಾರೆ. ಶಂಖ ಒಂದೇ, ಹಿಡಿದು ನೋಡುವ ಕ್ರಮ ಬೇರೆ.

ಅಳತೆ

ತಿರುವಿನ ಕೋನವನ್ನು ಪೋಲಾರಿಮೀಟರ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಬೆಳಕಿನ ಮೂಲ, ಧ್ರುವಕ, ದ್ರಾವಣ ತುಂಬಿದ ನಳಿಕೆ ಮತ್ತು ತಿರುಗಿಸಬಲ್ಲ ವಿಶ್ಲೇಷಕ ಇದರ ಮುಖ್ಯ ಭಾಗಗಳು. ಕೋನವು ದ್ರಾವಣದ ಸಾರತೆ, ನಳಿಕೆಯ ಉದ್ದ, ಉಷ್ಣತೆ ಮತ್ತು ಬೆಳಕಿನ ತರಂಗದೂರವನ್ನು ಅವಲಂಬಿಸಿರುತ್ತದೆ. ಆದ್ದರಿಂದ ವಸ್ತುಗಳನ್ನು ಹೋಲಿಸಲು ವಿಶಿಷ್ಟ ತಿರುವು ಎಂಬ ಮಾನವನ್ನು ಬಳಸುತ್ತಾರೆ. ಅಳತೆಗೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಸೋಡಿಯಂ ದೀಪದ 589 ನ್ಯಾನೋಮೀಟರ್ ತರಂಗದೂರದ ಹಳದಿ ಬೆಳಕನ್ನು ಆರಿಸಿಕೊಳ್ಳಲಾಗುತ್ತದೆ.

ಅಳೆದ ಕೋನ = ವಿಶಿಷ್ಟ ತಿರುವು × ನಳಿಕೆಯ ಉದ್ದ × ಸಾರತೆ

ಇಲ್ಲಿ ಉದ್ದವನ್ನು ಡೆಸಿಮೀಟರ್‌ಗಳಲ್ಲಿಯೂ ಸಾರತೆಯನ್ನು ಒಂದು ಮಿಲಿಲೀಟರಿಗೆ ಇಷ್ಟು ಗ್ರಾಂ ಎಂದೂ ಹೇಳಬೇಕು. ಸಕ್ಕರೆಯ, ಅಂದರೆ ಸುಕ್ರೋಸಿನ, ವಿಶಿಷ್ಟ ತಿರುವು ಸುಮಾರು +66.5 ಡಿಗ್ರಿ. 100 ಮಿಲಿಲೀಟರ್ ದ್ರಾವಣದಲ್ಲಿ 10 ಗ್ರಾಂ ಸಕ್ಕರೆ ಇದ್ದು ನಳಿಕೆಯ ಉದ್ದ 2 ಡೆಸಿಮೀಟರ್ ಆಗಿದ್ದರೆ ಕೋನವು 66.5 × 2 × 0.1 = 13.3 ಡಿಗ್ರಿ ಆಗುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸದ ಸಕ್ಕರೆಯ ಅಂಶವನ್ನು ಇದೇ ತತ್ತ್ವದ ಮೇಲೆ ಕಂಡುಕೊಳ್ಳುತ್ತಾರೆ.

ಸಕ್ಕರೆಪಾಕಕ್ಕೆ ನಿಂಬೆರಸ ಹಿಂಡಿದರೆ ಪಾಕ ಹರಳುಗಟ್ಟುವುದಿಲ್ಲ ಎಂಬುದು ಅಡುಗೆಮನೆಯ ಅನುಭವ. ಆಮ್ಲ ಮತ್ತು ಶಾಖದಿಂದ ಸುಕ್ರೋಸಿನ ಒಂದು ಭಾಗ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಮಪ್ರಮಾಣದಲ್ಲಿ ಉಂಟಾಗುತ್ತವೆ. ಗ್ಲೂಕೋಸಿನ ವಿಶಿಷ್ಟ ತಿರುವು ಸುಮಾರು +52.7, ಫ್ರಕ್ಟೋಸಿನದು ಸುಮಾರು −92. ಹೀಗಾಗಿ ಪೂರ್ತಿ ಒಡೆದ ಸಕ್ಕರೆಯ ತಿರುವು ಸುಮಾರು −20 ಆಗಿ ದಿಕ್ಕೇ ಬದಲಾಗುತ್ತದೆ. ಈ ಮಿಶ್ರಣಕ್ಕೆ ವಿಲೋಮ ಸಕ್ಕರೆ ಎಂಬ ಹೆಸರು ಬಂದದ್ದು ಇದರಿಂದಲೇ. ಜೇನುತುಪ್ಪದಲ್ಲಿಯೂ ಮುಖ್ಯವಾಗಿ ಇರುವುದು ಈ ಎರಡು ಸಕ್ಕರೆಗಳೇ.

ಕಾರಣ: ಕೈರಲತೆ

ಎಡಗಾಲಿನ ಚಪ್ಪಲಿಯೂ ಬಲಗಾಲಿನ ಚಪ್ಪಲಿಯೂ ಒಂದೇ ಅಳತೆಯವು, ಒಂದೇ ಚರ್ಮದವು. ಆದರೂ ಒಂದರ ಸ್ಥಾನದಲ್ಲಿ ಇನ್ನೊಂದು ಸರಿಹೊಂದುವುದಿಲ್ಲ. ಒಂದು ಇನ್ನೊಂದರ ಕನ್ನಡಿಬಿಂಬ. ಹೀಗೆ ತನ್ನ ಕನ್ನಡಿಬಿಂಬದೊಂದಿಗೆ ಸಂಪೂರ್ಣವಾಗಿ ಹೊಂದಿಕೊಳ್ಳದ ಗುಣಕ್ಕೆ ಕೈರಲತೆ ಎನ್ನುತ್ತಾರೆ. ಈ ಪದದ ಮೂಲ ಕೈ ಎಂಬ ಅರ್ಥದ ಗ್ರೀಕ್ ಪದ.

ಇಂಗಾಲದ ಪರಮಾಣುವಿನ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳ ಕಡೆಗೆ ಚಾಚಿರುತ್ತವೆ. ಆ ನಾಲ್ಕಕ್ಕೂ ನಾಲ್ಕು ಬೇರೆ ಬೇರೆ ಗುಂಪುಗಳು ಸೇರಿದಾಗ ಅವುಗಳನ್ನು ಎರಡು ರೀತಿಯಲ್ಲಿ ಜೋಡಿಸಬಹುದು. ಆ ಎರಡು ಜೋಡಣೆಗಳು ಪರಸ್ಪರ ಕನ್ನಡಿಬಿಂಬಗಳಾಗಿರುತ್ತವೆ. ಇಂತಹ ಜೋಡಿಯನ್ನು ದರ್ಪಣ ಸಮಾಂಗಿಗಳು ಅಥವಾ ಎನಾನ್ಶಿಯೋಮರ್‌ಗಳು ಎನ್ನುತ್ತಾರೆ. ಇವುಗಳ ಕರಗುವ ಬಿಂದು, ಕುದಿಯುವ ಬಿಂದು, ಸಾಂದ್ರತೆ ಎಲ್ಲವೂ ಒಂದೇ. ಬೆಳಕನ್ನು ತಿರುಗಿಸುವ ಕೋನದ ಅಳತೆಯೂ ಒಂದೇ. ದಿಕ್ಕು ಮಾತ್ರ ವಿರುದ್ಧ. ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ ಒಂದರ ತಿರುವನ್ನು ಇನ್ನೊಂದು ರದ್ದುಪಡಿಸಿ ಮೊತ್ತ ಸೊನ್ನೆಯಾಗುತ್ತದೆ. ಇದಕ್ಕೆ ರೇಸಿಮಿಕ್ ಮಿಶ್ರಣ ಎಂದು ಹೆಸರು.

ಹೆಗಲಿನ ಜೋಳಿಗೆಯೊಳಗೆ ಎಡಗೈಯೂ ತೂರುತ್ತದೆ, ಬಲಗೈಯೂ ತೂರುತ್ತದೆ. ಚಪ್ಪಲಿಗೆ ಹಾಗಲ್ಲ, ಅದಕ್ಕೆ ತಕ್ಕ ಪಾದವೇ ಬೇಕು. ದೇಹದ ಕಿಣ್ವಗಳೂ ಗ್ರಾಹಕಗಳೂ ಚಪ್ಪಲಿಯಂತೆ. ಅವು ಸ್ವತಃ ಕೈರಲ್ ಅಣುಗಳಾದ ಕಾರಣ ದರ್ಪಣ ಸಮಾಂಗಿಗಳಲ್ಲಿ ಒಂದನ್ನು ಸ್ವೀಕರಿಸಿ ಇನ್ನೊಂದನ್ನು ಕಡೆಗಣಿಸಬಹುದು, ಅಥವಾ ಎರಡಕ್ಕೂ ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸಬಹುದು.

ಇತಿಹಾಸ

1811ರಲ್ಲಿ ಫ್ರಾನ್ಸಿನ ಅರಾಗೊ ಬೆಣಚುಕಲ್ಲಿನ ಹರಳಿನಲ್ಲಿ ಬೆಳಕಿನ ತಿರುವನ್ನು ಗಮನಿಸಿದನು. 1815ರಲ್ಲಿ ಬಯೊ ಎಂಬ ವಿಜ್ಞಾನಿ ಟರ್ಪೆಂಟೈನ್‌ನಂತಹ ದ್ರವಗಳಲ್ಲಿಯೂ ಇದೇ ಗುಣವನ್ನು ಕಂಡನು. ದ್ರವದಲ್ಲಿ ಹರಳಿನ ಜೋಡಣೆ ಇರುವುದಿಲ್ಲವಾದ್ದರಿಂದ ಈ ಗುಣ ಅಣುವಿನದೇ ಆಗಿರಬೇಕೆಂಬ ತೀರ್ಮಾನಕ್ಕೆ ದಾರಿಯಾಯಿತು.

ಮುಂದಿನ ಹೆಜ್ಜೆಗೆ ಕಾರಣವಾದದ್ದು ಟಾರ್ಟಾರಿಕ್ ಆಮ್ಲ. ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣ ಇದೇ ಆಮ್ಲ. ಯುರೋಪಿನಲ್ಲಿ ಇದು ದ್ರಾಕ್ಷಾರಸದ ಪೀಪಾಯಿಗಳಲ್ಲಿ ದೊರೆಯುತ್ತಿತ್ತು. ಹೀಗೆ ದೊರೆತ ಆಮ್ಲ ಬಲಮುರಿಯಾಗಿತ್ತು. ಅದೇ ಘಟಕಗಳನ್ನು ಹೊಂದಿದ್ದ ಇನ್ನೊಂದು ಆಮ್ಲ ಬೆಳಕನ್ನು ತಿರುಗಿಸುತ್ತಲೇ ಇರಲಿಲ್ಲ. 1848ರಲ್ಲಿ ಲೂಯಿ ಪಾಶ್ಚರ್ ಆ ಎರಡನೆಯ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಹರಳುಗಟ್ಟಿಸಿ, ಅದರಲ್ಲಿ ಪರಸ್ಪರ ಕನ್ನಡಿಬಿಂಬಗಳಂತಿರುವ ಎರಡು ಬಗೆಯ ಹರಳುಗಳಿರುವುದನ್ನು ಕಂಡನು. ಅವುಗಳನ್ನು ಕೈಯಿಂದಲೇ ಆರಿಸಿ ಬೇರ್ಪಡಿಸಿ ಬೇರೆ ಬೇರೆಯಾಗಿ ಕರಗಿಸಿದಾಗ ಒಂದು ದ್ರಾವಣ ಬೆಳಕನ್ನು ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗಿಸಿತು.

ಈ ಪ್ರಯೋಗಕ್ಕೆ ಹವಾಮಾನದ ನೆರವೂ ಬೇಕಾಗಿತ್ತು. ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ ಈ ಲವಣ ಎರಡು ಬಗೆಯ ಹರಳುಗಳಾಗಿ ಬೇರ್ಪಡುತ್ತದೆ. ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಎಡಬಲ ಅಣುಗಳು ಒಂದೇ ಹರಳಿನಲ್ಲಿ ಕೂಡಿಕೊಳ್ಳುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಕೋಣೆಯಲ್ಲಿ ಶೀತಕವಿಲ್ಲದೆ ಈ ಪ್ರಯೋಗ ಮಾಡಿದರೆ ಆರಿಸಲು ಎರಡು ಬಗೆಯ ಹರಳುಗಳೇ ದೊರೆಯುವುದಿಲ್ಲ.

1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಇಬ್ಬರೂ ಸ್ವತಂತ್ರವಾಗಿ ಇಂಗಾಲದ ಬಂಧಗಳು ಚತುರ್ಮುಖಿಯಾಗಿ ಚಾಚಿರುತ್ತವೆ ಎಂಬ ವಿವರಣೆಯನ್ನು ಮುಂದಿಟ್ಟರು. ಆದರೆ ಎರಡು ಜೋಡಣೆಗಳಲ್ಲಿ ಬಲಮುರಿ ಯಾವುದು ಎಂಬುದನ್ನು ಪೋಲಾರಿಮೀಟರ್ ಹೇಳಲಾರದು. ಎಮಿಲ್ ಫಿಷರ್ ಸಕ್ಕರೆಗಳ ರಚನೆಯನ್ನು ಬಿಡಿಸುವಾಗ ಎರಡರಲ್ಲಿ ಒಂದನ್ನು ಊಹೆಯಿಂದಲೇ ಆರಿಸಿಕೊಳ್ಳಬೇಕಾಯಿತು. 1951ರಲ್ಲಿ ನೆದರ್ಲೆಂಡ್ಸಿನ ಬೈಫೂಟ್ ಮತ್ತು ಸಂಗಡಿಗರು ಟಾರ್ಟಾರಿಕ್ ಆಮ್ಲದ ಸೋಡಿಯಂ ರುಬಿಡಿಯಂ ಲವಣವನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿ ಅದರ ನಿಜವಾದ ವಿನ್ಯಾಸವನ್ನು ನಿರ್ಧರಿಸಿದರು. ಫಿಷರನ ಊಹೆ ಸರಿಯಾಗಿತ್ತು.

ಹೆಸರಿಡುವ ಪದ್ಧತಿಗಳು

ವಿದ್ಯಾರ್ಥಿಗಳಿಗೆ ಗೊಂದಲ ಉಂಟಾಗುವುದು ಇಲ್ಲಿಯೇ. ಮೂರು ಪದ್ಧತಿಗಳು ಬಳಕೆಯಲ್ಲಿವೆ.

1. ಕೂಡು ಮತ್ತು ಕಳೆ ಚಿಹ್ನೆ: ಇದು ತಿರುವಿನ ದಿಕ್ಕನ್ನು ಮಾತ್ರ ಹೇಳುತ್ತದೆ. ಪ್ರಯೋಗದಿಂದಲೇ ತಿಳಿಯಬೇಕು. ಹಳೆಯ ಪುಸ್ತಕಗಳಲ್ಲಿ ಇದೇ ಅರ್ಥಕ್ಕೆ ಇಂಗ್ಲಿಷಿನ ಚಿಕ್ಕಕ್ಷರದ ಡಿ ಮತ್ತು ಎಲ್ ಬಳಸಿರುತ್ತಾರೆ.

2. ದೊಡ್ಡಕ್ಷರದ ಡಿ ಮತ್ತು ಎಲ್: ಇದು ವಿನ್ಯಾಸವನ್ನು ಗ್ಲಿಸರಾಲ್ಡಿಹೈಡ್ ಎಂಬ ಮಾದರಿ ವಸ್ತುವಿಗೆ ಹೋಲಿಸಿ ಹೇಳುತ್ತದೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳಿಗೆ ಇಂದಿಗೂ ಬಳಕೆಯಲ್ಲಿದೆ.

3. ಆರ್ ಮತ್ತು ಎಸ್: ಕಾನ್, ಇಂಗೋಲ್ಡ್, ಪ್ರೆಲಾಗ್ ಎಂಬ ಮೂವರು ರೂಪಿಸಿದ ಈ ಪದ್ಧತಿ ಪ್ರತಿಯೊಂದು ಕೈರಲ್ ಕೇಂದ್ರದ ವಿನ್ಯಾಸವನ್ನು ಬಿಡಿಯಾಗಿ ಹೇಳುತ್ತದೆ. ಕೇಂದ್ರಕ್ಕೆ ಸೇರಿದ ಗುಂಪುಗಳಿಗೆ ಪರಮಾಣು ಸಂಖ್ಯೆಯ ಆಧಾರದ ಮೇಲೆ ಹಿರಿತನ ಕೊಡಬೇಕು. ಎಲ್ಲಕ್ಕಿಂತ ಕಿರಿಯ ಗುಂಪು ನಮ್ಮಿಂದ ದೂರಕ್ಕಿರುವಂತೆ ಅಣುವನ್ನು ಹಿಡಿಯಬೇಕು. ಆಗ ಉಳಿದ ಮೂರು ಗುಂಪುಗಳು ಬಸ್ಸಿನ ಸ್ಟೀರಿಂಗ್ ಚಕ್ರದ ಕಡ್ಡಿಗಳಂತೆ ನಮ್ಮ ಕಡೆ ಕಾಣುತ್ತವೆ. ಹಿರಿಯದರಿಂದ ಕಿರಿಯದಕ್ಕೆ ಹೋಗುವಾಗ ಚಕ್ರ ಬಲಕ್ಕೆ ತಿರುಗಿದರೆ ಆರ್, ಎಡಕ್ಕೆ ತಿರುಗಿದರೆ ಎಸ್. ಲ್ಯಾಕ್ಟಿಕ್ ಆಮ್ಲದಲ್ಲಿ ಹಿರಿತನದ ಕ್ರಮ ಹೀಗಿದೆ: ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್, ಮೀಥೈಲ್, ಕೊನೆಗೆ ಜಲಜನಕ.

ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕಿಲ್ಲ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಡಿ ಶ್ರೇಣಿಯವು, ಆದರೆ ಮೊದಲನೆಯದು ಬಲಮುರಿ, ಎರಡನೆಯದು ಎಡಮುರಿ. ಹುಣಸೆಯ ಟಾರ್ಟಾರಿಕ್ ಆಮ್ಲ ಎಲ್ ವಿನ್ಯಾಸದ್ದು, ಅದರ ಎರಡು ಕೈರಲ್ ಕೇಂದ್ರಗಳೂ ಆರ್. ತಿರುವು ಮಾತ್ರ ಬಲಕ್ಕೆ. ಇನ್ನೂ ಸ್ಪಷ್ಟವಾದ ಪುರಾವೆ ಲ್ಯಾಕ್ಟಿಕ್ ಆಮ್ಲದ್ದು. ಸ್ನಾಯುಗಳಲ್ಲಿ ಉಂಟಾಗುವ ಎಲ್ ಲ್ಯಾಕ್ಟಿಕ್ ಆಮ್ಲ ಬಲಮುರಿ. ಅದನ್ನು ಕ್ಷಾರದೊಂದಿಗೆ ಸೇರಿಸಿ ಲವಣವನ್ನಾಗಿ ಮಾಡಿದರೆ ಆ ಲವಣ ಎಡಮುರಿ. ಈ ಕ್ರಿಯೆಯಲ್ಲಿ ಕೈರಲ್ ಇಂಗಾಲದ ಒಂದು ಬಂಧವೂ ಮುರಿಯುವುದಿಲ್ಲ. ವಿನ್ಯಾಸ ಇದ್ದಂತೆಯೇ ಇದ್ದು ತಿರುವಿನ ದಿಕ್ಕು ಬದಲಾಗಿದೆ.

ರಾಯಚೂರು ಸೀಮೆಯ ನಿದರ್ಶನಗಳು

ಹತ್ತಿಬೀಜದ ಗಾಸಿಪೋಲ್

ರಾಯಚೂರು ಹತ್ತಿ ವ್ಯಾಪಾರದ ದೊಡ್ಡ ಕೇಂದ್ರ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಾಣುವ ದೇವದುರ್ಗ, ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ, ಎರಡೂ ತಾಲ್ಲೂಕುಗಳಲ್ಲಿ ಹತ್ತಿಯನ್ನು ಬೆಳೆಯುತ್ತಾರೆ. ಅರಳೆಯನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಾಳಿನಿಂದ ಎಣ್ಣೆಯೂ ಹಿಂಡಿಯೂ ದೊರೆಯುತ್ತವೆ. ಈ ಕಾಳಿನ ಸಣ್ಣ ಗ್ರಂಥಿಗಳಲ್ಲಿ ಗಾಸಿಪೋಲ್ ಎಂಬ ಹಳದಿ ಬಣ್ಣದ ವಸ್ತುವಿದೆ. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡವೇ ಇದನ್ನು ತಯಾರಿಸಿಕೊಳ್ಳುತ್ತದೆ.

ಗಾಸಿಪೋಲ್ ಅಣುವಿನಲ್ಲಿ 30 ಇಂಗಾಲದ ಪರಮಾಣುಗಳಿದ್ದರೂ ನಾಲ್ಕು ಭಿನ್ನ ಗುಂಪುಗಳನ್ನು ಹೊತ್ತ ಇಂಗಾಲ ಒಂದೂ ಇಲ್ಲ. ಆದರೂ ಅದು ದ್ಯುತಿಪಟು. ಇದರಲ್ಲಿ ಹಲಗೆಯಂತೆ ಚಪ್ಪಟೆಯಾದ ಎರಡು ಸಮಾನ ಭಾಗಗಳು ಒಂದೇ ಬಂಧದಿಂದ ಕೂಡಿಕೊಂಡಿವೆ. ಹಲಗೆಗಳ ಅಂಚಿನಲ್ಲಿರುವ ದೊಡ್ಡ ಗುಂಪುಗಳು ಒಂದಕ್ಕೊಂದು ಅಡ್ಡಬರುವುದರಿಂದ ಅವು ಆ ಬಂಧದ ಸುತ್ತ ಸುಲಭವಾಗಿ ತಿರುಗಲಾರವು. ಒಂದಕ್ಕೊಂದು ಅಡ್ಡವಾಗಿ ತಿರುಚಿಕೊಂಡೇ ನಿಲ್ಲುತ್ತವೆ. ತಿರುಚು ಬಲಕ್ಕೂ ಆಗಿರಬಹುದು, ಎಡಕ್ಕೂ ಆಗಿರಬಹುದು. ಹೀಗೆ ತಡೆದ ತಿರುಗುವಿಕೆಯಿಂದ ಉಂಟಾಗುವ ಸಮಾಂಗಿಗಳಿಗೆ ಅಟ್ರೋಪ್ ಸಮಾಂಗಿಗಳು ಎಂದು ಹೆಸರು.

ಹತ್ತಿಬೀಜದಲ್ಲಿ ಎರಡೂ ರೂಪಗಳು ಇರುತ್ತವೆ, ಪ್ರಮಾಣವು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ಹತ್ತಿಯ ಕುಟುಂಬಕ್ಕೇ ಸೇರಿದ ಹೂವರಸಿ ಮರದಲ್ಲಿ + ರೂಪ ದೊರೆಯುತ್ತದೆ. ಎರಡು ರೂಪಗಳಲ್ಲಿ − ರೂಪವೇ ಪ್ರಾಣಿಗಳಿಗೆ ಹೆಚ್ಚು ಹಾನಿಕರ. ಗಾಸಿಪೋಲನ್ನು ಪುರುಷರ ಗರ್ಭನಿರೋಧಕವಾಗಿ ಚೀನಾದಲ್ಲಿ 1970ರ ದಶಕದಲ್ಲಿ ಪರೀಕ್ಷಿಸಲಾಯಿತು. ವೀರ್ಯಾಣುಗಳ ಉತ್ಪತ್ತಿಯನ್ನು ತಡೆಯುವುದು ಮುಖ್ಯವಾಗಿ − ರೂಪವೆಂದು ನಂತರ ತಿಳಿದುಬಂದಿತು.

ಬೆಳೆದ ಎಮ್ಮೆ, ದನಗಳ ಮೊದಲ ಹೊಟ್ಟೆಯಲ್ಲಿ ಗಾಸಿಪೋಲ್ ಪ್ರೋಟೀನಿಗೆ ಅಂಟಿಕೊಂಡು ಬಹುಮಟ್ಟಿಗೆ ನಿರುಪದ್ರವಿಯಾಗುತ್ತದೆ. ಆದ್ದರಿಂದ ಹಾಲು ಕೊಡುವ ಎಮ್ಮೆಗೆ ಮಿತವಾಗಿ ಹತ್ತಿಕಾಳಿನ ಹಿಂಡಿ ಹಾಕುವ ರೂಢಿಗೆ ಆಧಾರವಿದೆ. ಮೆಲುಕು ಹಾಕುವ ಹೊಟ್ಟೆ ಇನ್ನೂ ಬೆಳೆಯದ ಎಳೆಗರುವಿಗೂ ಕೋಳಿಗೂ ಆ ರಕ್ಷಣೆಯಿಲ್ಲ. ಅವುಗಳಿಗೆ ಅದೇ ಹಿಂಡಿ ಅಪಾಯಕಾರಿ. ಖಾದ್ಯ ಎಣ್ಣೆಯಿಂದ ಗಾಸಿಪೋಲನ್ನು ಶುದ್ಧೀಕರಣದ ಹಂತದಲ್ಲಿ ತೆಗೆಯಲಾಗುತ್ತದೆ.

ಕೀಟನಾಶಕಗಳು

ಹತ್ತಿಯ ಮೇಲೆ ಬಳಸುವ ಸೈಪರ್ಮೆಥ್ರಿನ್, ಸೇವಂತಿಗೆಯ ಜಾತಿಯ ಪೈರೆಥ್ರಮ್ ಹೂವಿನ ಕೀಟನಾಶಕ ಗುಣವನ್ನು ಅನುಸರಿಸಿ ಕೃತಕವಾಗಿ ತಯಾರಿಸಿದ ವಸ್ತು. ಇದರ ಅಣುವಿನಲ್ಲಿ ಮೂರು ಕೈರಲ್ ಕೇಂದ್ರಗಳಿವೆ. ಪ್ರತಿ ಕೇಂದ್ರಕ್ಕೆ ಎರಡು ವಿನ್ಯಾಸಗಳಂತೆ 2 × 2 × 2 = 8 ಸಮಾಂಗಿಗಳು ಸಾಧ್ಯ. ಸಾಮಾನ್ಯ ಸೈಪರ್ಮೆಥ್ರಿನ್ ಈ ಎಂಟರ ಮಿಶ್ರಣ. ಆದರೆ ಕೀಟವನ್ನು ಪ್ರಬಲವಾಗಿ ಕೊಲ್ಲುವವು ಅವುಗಳಲ್ಲಿ ಕೆಲವು ಮಾತ್ರ. ಉಳಿದವು ಅದೇ ಸೀಸೆಯಲ್ಲಿ ಬಂದು, ಅದೇ ಬೆಲೆಗೆ ಕೊಳ್ಳಲ್ಪಟ್ಟು, ಅದೇ ಹೊಲದ ಮಣ್ಣಿಗೂ ಕಾಲುವೆಯ ನೀರಿಗೂ ಸೇರುತ್ತವೆ.

ಆಲ್ಫಾ ಸೈಪರ್ಮೆಥ್ರಿನ್ ಎಂಬ ಹೆಸರಿನಲ್ಲಿ ದೊರೆಯುವುದು ಎಂಟರಲ್ಲಿ ಒಂದು ಜೋಡಿ ಮಾತ್ರ. ಪ್ರಬಲವಾದ ಸಮಾಂಗಿಯ ಪಾಲು ಇದರಲ್ಲಿ ಹೆಚ್ಚಿರುವುದರಿಂದ ಅದೇ ಕೆಲಸಕ್ಕೆ ಕಡಿಮೆ ಪ್ರಮಾಣ ಸಾಕು. ಇದೇ ವರ್ಗದ ಡೆಲ್ಟಾಮೆಥ್ರಿನ್ನನ್ನು ಒಂದೇ ಸಮಾಂಗಿಯಾಗಿ ತಯಾರಿಸುತ್ತಾರೆ. ಹೀಗಾಗಿ ಸೀಸೆಯ ಚೀಟಿಯ ಮೇಲಿನ ಆಲ್ಫಾ ಎಂಬ ಪುಟ್ಟ ಪದ ಅಲಂಕಾರಕ್ಕೆ ಬರೆದದ್ದಲ್ಲ. ಹೆಸರುಗಳು ಹೋಲುತ್ತವೆ ಎಂದು ಒಂದರ ಅಳತೆಯನ್ನು ಇನ್ನೊಂದಕ್ಕೆ ಅನ್ವಯಿಸಬಾರದು. ಈ ವರ್ಗದ ಕೀಟನಾಶಕಗಳು ಮೀನು ಮತ್ತು ಜೇನುನೊಣಗಳಿಗೂ ವಿಷಕಾರಿ. ಆದ್ದರಿಂದ ಅಗತ್ಯಕ್ಕಿಂತ ಹೆಚ್ಚು ಸಿಂಪಡಿಸುವುದರ ಪರಿಣಾಮ ಹೊಲದ ಬದುವಿಗೆ ನಿಲ್ಲುವುದಿಲ್ಲ.

ಕೈರಲ್ ಕೇಂದ್ರವು ಇಂಗಾಲವೇ ಆಗಬೇಕೆಂದಿಲ್ಲ. ಹತ್ತಿಯ ಮೇಲೆ ಬಳಕೆಯಲ್ಲಿರುವ ಇನ್ನೊಂದು ಕೀಟನಾಶಕವಾದ ಪ್ರೊಫೆನೋಫಾಸ್‌ನಲ್ಲಿ ಆ ಕೇಂದ್ರ ರಂಜಕದ ಪರಮಾಣು.

ಮೋಹಕ ಬಲೆ

ಗುಲಾಬಿ ಕಾಯಿಕೊರಕದ ಹೆಣ್ಣು ಪತಂಗವು ಗಂಡನ್ನು ಆಕರ್ಷಿಸಲು ಗಾಸಿಪ್ಲೂರ್ ಎಂಬ ವಸ್ತುವನ್ನು ಗಾಳಿಗೆ ಬಿಡುತ್ತದೆ. ಹತ್ತಿಯ ಹೊಲದಲ್ಲಿ ಕಟ್ಟುವ ಮೋಹಕ ಬಲೆಯ ಗುಳಿಗೆಯಲ್ಲಿ ಇದನ್ನೇ ತುಂಬಿರುತ್ತಾರೆ. ಇದು ಎರಡು ಸಮಾಂಗಿಗಳ ಸಮಮಿಶ್ರಣ. ಎರಡರಲ್ಲಿಯೂ ಪರಮಾಣುಗಳ ಸರಪಳಿ ಒಂದೇ. ಒಂದು ದ್ವಿಬಂಧದ ಬಳಿ ಸರಪಳಿ ಒಂದೇ ಪಕ್ಕಕ್ಕೆ ಬಾಗಿದೆಯೋ ವಿರುದ್ಧ ಪಕ್ಕಕ್ಕೆ ಚಾಚಿದೆಯೋ ಎಂಬುದಷ್ಟೇ ವ್ಯತ್ಯಾಸ. ಈ ಅಣುಗಳಿಗೆ ಕೈರಲತೆ ಇಲ್ಲ, ಪೋಲಾರಿಮೀಟರಿನಲ್ಲಿ ಇವು ಬೆಳಕನ್ನು ತಿರುಗಿಸುವುದಿಲ್ಲ. ಆದರೂ ಗಂಡು ಪತಂಗ ವಿನ್ಯಾಸವನ್ನು ಗುರುತಿಸಿಯೇ ಬಲೆಗೆ ಬರುತ್ತದೆ. ದ್ಯುತಿಪಟುತ್ವವಿಲ್ಲದಿದ್ದರೂ ವಿನ್ಯಾಸಕ್ಕೆ ಮಹತ್ವವಿದೆ ಎಂಬುದಕ್ಕೆ ಇದು ಸಾಕ್ಷಿ.

ಔಷಧಗಳಲ್ಲಿ

ನೆಗಡಿ, ತುರಿಕೆಗೆ ಕೊಡುವ ಸೆಟಿರಿಜಿನ್ ರೇಸಿಮಿಕ್ ಮಿಶ್ರಣವಾಗಿದ್ದು, ವಯಸ್ಕರಿಗೆ ಅದರ ಸಾಮಾನ್ಯ ಪ್ರಮಾಣ 10 ಮಿಲಿಗ್ರಾಂ. ಅದರ ಪ್ರಬಲ ರೂಪವನ್ನು ಮಾತ್ರ ಬೇರ್ಪಡಿಸಿದ ಲೆವೊಸೆಟಿರಿಜಿನ್‌ನ ಪ್ರಮಾಣ 5 ಮಿಲಿಗ್ರಾಂ. ಇಲ್ಲಿ ಲೆವೊ ಎಂಬುದು ತಿರುವಿನ ದಿಕ್ಕನ್ನು ಸೂಚಿಸುತ್ತದೆ. ಆ ಅಣುವಿನ ವಿನ್ಯಾಸ ಆರ್. ನೋವುನಿವಾರಕವಾದ ಐಬುಪ್ರೊಫೆನ್‌ನಲ್ಲಿ ಕೆಲಸ ಮಾಡುವುದು ಎಸ್ ರೂಪ. ಆದರೆ ಆರ್ ರೂಪದ ಬಹುಪಾಲನ್ನು ದೇಹವೇ ಎಸ್ ರೂಪಕ್ಕೆ ಪರಿವರ್ತಿಸಿಕೊಳ್ಳುತ್ತದೆ.

1950ರ ದಶಕದ ಕೊನೆಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ಔಷಧವನ್ನು ಗರ್ಭಿಣಿಯರು ಸೇವಿಸಿದ್ದರಿಂದ ಸಾವಿರಾರು ಶಿಶುಗಳು ಅಂಗವೈಕಲ್ಯದೊಂದಿಗೆ ಜನಿಸಿದವು. ಹಾನಿಕರವಲ್ಲದ ಒಂದು ರೂಪವನ್ನೇ ಕೊಟ್ಟಿದ್ದರೆ ಈ ದುರಂತ ತಪ್ಪುತ್ತಿತ್ತು ಎಂಬ ಮಾತು ಪ್ರಚಲಿತವಾಗಿದೆ. ಅದು ಸರಿಯಲ್ಲ. ಈ ಅಣುವಿನ ಯಾವುದೇ ರೂಪವನ್ನು ಕೊಟ್ಟರೂ ದೇಹದೊಳಗೆ ಅದು ಇನ್ನೊಂದಾಗಿ ಬದಲಾಗುತ್ತದೆ.

ಹರಳುಗಳು ಮತ್ತು ಕರ್ನಾಟಕದಲ್ಲಿ ಸಂಶೋಧನೆ

ಅಣುಗಳು ಮಾತ್ರವಲ್ಲದೆ ಅವುಗಳ ಜೋಡಣೆಯೂ ಬೆಳಕನ್ನು ತಿರುಗಿಸಬಲ್ಲದು. ಬೆಣಚುಕಲ್ಲಿನ ಹರಳಿನಲ್ಲಿ ಪರಮಾಣುಗಳು ತಿರುಪುಮೊಳೆಯ ಹಾಗೆ ಸುರುಳಿಯಾಗಿ ನಿಂತಿರುತ್ತವೆ. ಹರಳು ಕರಗಿದರೆ ಸುರುಳಿ ಅಳಿದು ಗುಣವೂ ಮಾಯವಾಗುತ್ತದೆ. ಸಕ್ಕರೆ ಹಾಗಲ್ಲ, ನೀರಿನಲ್ಲಿ ಕರಗಿದ ಮೇಲೂ ತನ್ನ ಗುಣವನ್ನು ಉಳಿಸಿಕೊಳ್ಳುತ್ತದೆ.

ಹರಳುಗಳ ತಿರುವು ಬೆಳಕಿನ ತರಂಗದೂರದೊಂದಿಗೆ ಹೇಗೆ ಬದಲಾಗುತ್ತದೆ ಎಂಬ ವಿಷಯದ ಮೇಲೆ ಎಸ್. ಚಂದ್ರಶೇಖರ್ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಅಧ್ಯಯನ ನಡೆಸಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಬಂದರು. 1971ರಲ್ಲಿ ಬೆಂಗಳೂರಿಗೆ ಮರಳಿ ದ್ರವಸ್ಫಟಿಕಗಳ ಪ್ರಯೋಗಾಲಯವನ್ನು ಕಟ್ಟಿದರು. 1977ರಲ್ಲಿ ಅವರೂ ಸಹೋದ್ಯೋಗಿಗಳೂ ತಟ್ಟೆಯಾಕಾರದ ಅಣುಗಳಿಂದಾದ ದ್ರವಸ್ಫಟಿಕಗಳನ್ನು ಕಂಡುಹಿಡಿದರು.

ಗಮನಿಸಬೇಕಾದ ಅಂಶಗಳು

* ಕೈರಲ್ ಇಂಗಾಲವಿದ್ದ ಮಾತ್ರಕ್ಕೆ ಅಣು ದ್ಯುತಿಪಟು ಆಗಬೇಕಿಲ್ಲ. ಮೀಸೊ ಟಾರ್ಟಾರಿಕ್ ಆಮ್ಲದಲ್ಲಿ ಎರಡು ಕೈರಲ್ ಇಂಗಾಲಗಳಿದ್ದರೂ ಒಂದರ ತಿರುವನ್ನು ಇನ್ನೊಂದು ಅಳಿಸುತ್ತದೆ.
* ಕೈರಲ್ ಇಂಗಾಲವಿಲ್ಲದ ಮಾತ್ರಕ್ಕೆ ದ್ಯುತಿಪಟುತ್ವ ಇಲ್ಲವೆನ್ನಲಾಗದು. ಗಾಸಿಪೋಲ್ ಇದಕ್ಕೆ ಉದಾಹರಣೆ.
* ಸಸ್ಯಗಳು ತಯಾರಿಸುವ ವಸ್ತುಗಳೆಲ್ಲವೂ ಕೈರಲ್ ಅಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್‌ಗೆ ಎಡಬಲ ರೂಪಗಳಿಲ್ಲ.
* ದ್ರಾವಣವೊಂದು ಬೆಳಕನ್ನು ತಿರುಗಿಸದಿದ್ದರೆ ಅದರಲ್ಲಿ ಕೈರಲ್ ವಸ್ತು ಇಲ್ಲವೆಂದೇ ಅರ್ಥವಲ್ಲ. ಅದು ರೇಸಿಮಿಕ್ ಮಿಶ್ರಣವೂ ಆಗಿರಬಹುದು.
* ಆರ್, ಎಸ್ ಎಂಬ ಹೆಸರಿನಿಂದ ತಿರುವಿನ ದಿಕ್ಕನ್ನಾಗಲಿ, ತಿರುವಿನ ದಿಕ್ಕಿನಿಂದ ಆರ್, ಎಸ್ ಎಂಬುದನ್ನಾಗಲಿ ಊಹಿಸಲಾಗದು. ದಿಕ್ಕನ್ನು ಅಳೆಯಬೇಕು; ವಿನ್ಯಾಸವನ್ನು ಕ್ಷ-ಕಿರಣಗಳಿಂದಲೋ, ವಿನ್ಯಾಸ ಗೊತ್ತಿರುವ ವಸ್ತುವಿನೊಂದಿಗೆ ಸಂಬಂಧ ಕಲ್ಪಿಸಿಯೋ ನಿರ್ಧರಿಸಬೇಕು.